ಕೋನಪ್ಪ ಮೇಷ್ಟರು ವೀಳ್ಯ ಅಗಿದದ್ದು

ಮಂಡಿಕಲ್ಲಿನ ಪ್ರೈಮರಿ ಶಾಲೆಯ ಕೋನಪ್ಪ ಮೇಷ್ಟರ ಮುಖವನ್ನು ಮೂಗಿನಿಂದ ಕೆಳಕ್ಕೆ ನೋಡಿದವರು ಊರಿನಲ್ಲಿ ಬಹಳ ಮಂದಿ ಇರಲಿಲ್ಲ. ಹೆಗಲ ಮೇಲೊಂದು ಟವೆಲು, ಆ ಟವೆಲಿನ ತುದಿ ಸದಾ ಬಾಯಿಯ ಮುಂದೆ. ಮಗ್ಗಿ ಹೇಳಿಕೊಡುವಾಗಲೂ ಹಾಗೆಯೇ, ಇನ್ಸ್‌ಪೆಕ್ಟರು ಬಂದಾಗಲೂ ಹಾಗೆಯೇ. ಮೂರು ವರ್ಷ ಸಾಲಾಗಿ ಶಾಲೆಗೆ ಬಂದುಹೋದ ಇನ್ಸ್‌ಪೆಕ್ಟರೊಬ್ಬರು, ಈ ಮೇಷ್ಟರಿಗೆ ನೆಗಡಿ ವಾಸಿಯಾಗುವ ಲಕ್ಷಣವೇ ಇಲ್ಲವೆಂದು ಮರುಗಿ, ಮಂಡಿಕಲ್ಲಿನ ಹವೆಯ ಬಗ್ಗೆ ಮೇಲಿನವರಿಗೆ ಬರೆದಿದ್ದರಂತೆ.

ಟವೆಲಿನ ಹಿಂದೆ ಇದ್ದದ್ದು ನೆಗಡಿಯಲ್ಲ, ನಾಲ್ಕು ಹಲ್ಲು. ಮೇಲಿನ ಸಾಲಿನ ಆ ನಾಲ್ಕು ಹಲ್ಲುಗಳು ತುಟಿಯ ಅಪ್ಪಣೆ ಕೇಳದೆ ಹೊರಗೆ ಬಂದು ನಿಂತಿದ್ದವು. ಹತ್ತು ವರ್ಷದ ಹುಡುಗನಾಗಿದ್ದಾಗ ಯಾವುದೋ ಮದುವೆಯ ಪಂಕ್ತಿಯಲ್ಲಿ ಸೋದರಮಾವನೊಬ್ಬ, "ಇವನಿಗೆ ಎಲೆ ಒಂಚೂರು ದೂರ ಹಾಕ್ರಪ್ಪ, ಹಲ್ಲು ತಾಕುತ್ತೆ" ಎಂದಿದ್ದ. ಪಂಕ್ತಿಯೆಲ್ಲ ನಕ್ಕಿತು. ಅಂದವನು ಪಾಯಸ ಬರುವ ಹೊತ್ತಿಗೆ ಮರೆತ. ಅನ್ನಿಸಿಕೊಂಡವನಿಗೆ ಈಗ ಮೂವತ್ತೆರಡು ವರ್ಷ, ಇನ್ನೂ ಮರೆತಿರಲಿಲ್ಲ. ತಮ್ಮ ಮದುವೆಯ ಫೋಟೋದಲ್ಲಿಯೂ ಅವರು ಕರ್ಚೀಫಿನಿಂದ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು.

ಇಂಥ ಮೇಷ್ಟರು ಬಾಯಿಯ ವಿಷಯಕ್ಕೆ ಕೈಹಾಕಲು ಕಾರಣಳಾದವಳು ತಂಗಿ ವರಲಕ್ಷ್ಮಿ. ತಂದೆ ತೀರಿಕೊಂಡಾಗ ಎಂಟು ವರ್ಷದವಳಾಗಿದ್ದ ಅವಳನ್ನು ಮೇಷ್ಟರೇ ತಲೆ ಬಾಚಿ, ಸ್ಲೇಟು ಕೊಟ್ಟು ಬೆಳೆಸಿದ್ದರು. ಬಂದ ಎರಡು ಸಂಬಂಧಗಳು ಮುರಿದು, ಮೂರನೆಯದಾಗಿ ತೊಂಡೇಬಾವಿಯ ಬಯ್ಯಪ್ಪನವರ ಮಗ ರಾಮಾಂಜಿನಪ್ಪನದು ಕೂಡಿಬಂದಿತ್ತು. ಹುಡುಗ ಅಲ್ಲಿಯ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟು ಕೊಡುವವನು. ಹಿಂದಿನ ಎರಡು ಗಂಡುಗಳ ವಿಷಯದಲ್ಲಿ ತುಟಿ ಬಿಚ್ಚದಿದ್ದ ವರಲಕ್ಷ್ಮಿ ಈ ಸಲ ಮಾತ್ರ, "ಅಣ್ಣಾ, ತೊಂಡೇಬಾವಿಗೆ ರೈಲು ಎಷ್ಟು ಗಂಟೆಗೆ ಬರುತ್ತೆ?" ಎಂದು ಕೇಳಿದ್ದಳು. ಮೇಷ್ಟರಿಗೆ ಅಷ್ಟೇ ಸಾಕಾಯಿತು. ಈ ಮದುವೆ ಆಗಲೇಬೇಕೆಂದು ಅವರು ಮನಸ್ಸಿನಲ್ಲಿಯೇ ಗಟ್ಟಿಮಾಡಿಕೊಂಡರು.

ಅವಳು ಇನ್ನೊಂದು ಮಾತನ್ನೂ ಹೇಳಿದ್ದಳು. "ಮದ್ವೇಲಿ ಫೋಟೋ ತೆಗಿಸ್ತೀವಲ್ಲ, ಅದ್ರಲ್ಲಿ ನಿನ್ನ ಮುಖ ಪೂರ್ತಿ ಇರ್ಬೇಕು ಅಣ್ಣಾ. ಅಲ್ಲಿ ಯಾರಾದ್ರೂ ನಿಮ್ಮಣ್ಣ ಎಲ್ಲಿ ಅಂತ ಕೇಳಿದ್ರೆ ನಾನು ಟವೆಲ್ ತೋರಿಸಕ್ಕಾಗುತ್ತಾ?"

ಇದಾದ ಮೇಲೆ ಕಾರ್ತಿಕದಲ್ಲಿ ಮೇಷ್ಟರು ತಾಯಿಯೊಡನೆ ತೊಂಡೇಬಾವಿಗೆ ಹೋಗಿ ಬಯ್ಯಪ್ಪನವರ ಮನೆಯಲ್ಲಿ ಉಂಡು ಬಂದರು. ಅಲ್ಲಿಯ ಮೂಳೆಯೊಂದು ದವಡೆಯ ಹುಳುಕು ಹಲ್ಲನ್ನು ಕೆಣಕಿತು. ಅದನ್ನು ಕೀಳಿಸಲು ಮುಂದಿನ ಶನಿವಾರ ಬೆಂಗಳೂರಿನ ದೊಡ್ಡದೊಂದು ಹಲ್ಲಿನ ಆಸ್ಪತ್ರೆಗೆ ಹೋದರು.

ಅಲ್ಲಿದ್ದವರು ಮಂಗಳೂರಿನ ಕಡೆಯ ತರುಣ ಡಾಕ್ಟರು. ಹುಳುಕು ಹಲ್ಲನ್ನು ಎರಡು ನಿಮಿಷದಲ್ಲಿ ಕಿತ್ತು ಬಟ್ಟಲಿಗೆ ಹಾಕಿ, ಮುಂದಿನ ನಾಲ್ಕನ್ನು ನೋಡಿ ಹಾಗೆಯೇ ನಿಂತರು.

"ಬಹಳ ಚೆನ್ನಾಗಿದೆ" ಎಂದರು.

ಮೇಷ್ಟರು ಗಾಬರಿಯಾದರು. ಹುಟ್ಟಿದಂದಿನಿಂದ ಆ ಹಲ್ಲುಗಳ ವಿಚಾರದಲ್ಲಿ ಆ ಮಾತನ್ನು ಯಾರೂ ಆಡಿರಲಿಲ್ಲ. ಅಷ್ಟರಲ್ಲಿ ಹತ್ತು ಮಂದಿ ವಿದ್ಯಾರ್ಥಿಗಳು ಬಂದು ಸುತ್ತ ನಿಂತರು. "ತಂತಿ ಹಾಕಿ ಇದನ್ನು ಒಳಗೆ ತಳ್ಳಬಹುದು. ನೀವು ಕಾಸು ಕೊಡುವುದು ಬೇಡ. ನಮ್ಮ ಹುಡುಗರಿಗೆ ಕಲಿಯಲಿಕ್ಕೆ ಆಗ್ತದೆ" ಎಂದರು ಡಾಕ್ಟರು. ಕಲಿಯಲು ಬಂದ ಮಕ್ಕಳಿಗೆ ಇಲ್ಲವೆನ್ನುವುದು ಮೇಷ್ಟರ ಜಾಯಮಾನದಲ್ಲಿಯೇ ಇರಲಿಲ್ಲ. ಮೇಲಾಗಿ ಮದುವೆ ಮಾಘದಲ್ಲಿ. ಫೋಟೋ ಹೊತ್ತಿಗೆ ಹಲ್ಲು ಒಳಗೆ ಹೋಗಿರುತ್ತದೆ. ಎಷ್ಟು ದಿನ ಹಿಡಿಯುತ್ತದೆಂಬ ಪ್ರಶ್ನೆಯನ್ನು ಅವರು ಕೇಳಿದ್ದು ತಂತಿಯನ್ನೆಲ್ಲ ಬಿಗಿದಾದ ಮೇಲೆ.

"ಒಂದೂವರೆ ವರ್ಷ" ಎಂದರು ಡಾಕ್ಟರು.

ಆಮೇಲೆ ಊಟದ ಕಟ್ಟಳೆ ಹೇಳಿದರು. ಗಟ್ಟಿ ಪದಾರ್ಥ ಬೇಡ, ಅಂಟು ಬೇಡ. ಚಕ್ಕುಲಿ, ಕಡಲೆಕಾಯಿ, ಕಬ್ಬು, ಮೂಳೆ, ಅಡಿಕೆ ಯಾವುದೂ ಕೂಡದು. ಕಚ್ಚಿದರೆ ತಂತಿ ಕಿತ್ತುಬರುತ್ತದೆ. ಸಣ್ಣ ತುತ್ತು, ನಿಧಾನ, ಉಂಡಮೇಲೆ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವುದು. ತಂತಿ ಕೆನ್ನೆಗೆ ಚುಚ್ಚಿದರೆ ಅದರ ಮೇಲೆ ಚೂರು ಜೇನುಮೇಣ ಮೆತ್ತುವುದು.

"ಮುದ್ದೆ ಉಣ್ಣಬಹುದಾ ಸಾರ್?"

ಡಾಕ್ಟರು ಮುದ್ದೆ ಕಂಡವರಲ್ಲ. "ಮೆತ್ತಗಿರ್ತದಾ?"

"ಮೆತ್ತಗಿರುತ್ತೆ."

"ಹಾಗಾದರೆ ಆಗಬಹುದು. ಆದರೆ ಚೆನ್ನಾಗಿ ಅಗಿದು ತಿನ್ನಿ."

ಅನರ್ಥವೆಲ್ಲ ಶುರುವಾದದ್ದು ಈ ಒಂದು ಮಾತಿನಿಂದ. ಆ ಸೀಮೆಯಲ್ಲಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ, ನಾಲಗೆಯ ಮೇಲಿಟ್ಟರೆ ಉಳಿದದ್ದು ಗಂಟಲಿನ ಕೆಲಸ. ಹಲ್ಲು ಮೂಡದ ಕೂಸಿಗೂ ಇದು ತಿಳಿದಿರುತ್ತದೆ. ಅಗಿಯುವವನು ಪರದೇಶದವನಾಗಿರಬೇಕು, ಇಲ್ಲವೇ ಅವನಿಗೆ ಏನೋ ಆಗಿರಬೇಕು.

ಭಾನುವಾರ ಮಧ್ಯಾಹ್ನ ತಾಯಿ ಚಿಕ್ಕವೆಂಕಟಮ್ಮ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ತಂತಿಯ ವಿಷಯ ಮೇಷ್ಟರು ಹೆಂಡತಿ ಅಶ್ವತ್ಥಮ್ಮನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಈ ವಯಸ್ಸಿನಲ್ಲಿ ಅಂದಕ್ಕೆ ಹೊರಟ ಎಂದು ಊರು ನಕ್ಕರೆ ಈ ಜನ್ಮಕ್ಕೆ ಇನ್ನೊಂದು ಟವೆಲು ಬೇಕಾದೀತೆಂಬ ಭಯ. ಅವರು ಗೋಡೆಯ ಕಡೆ ತಿರುಗಿ ಕೂತು ತುತ್ತು ಬಾಯಿಗಿಟ್ಟುಕೊಂಡು ಅಗಿಯತೊಡಗಿದರು. ತಾಯಿಯ ಕೈಯಲ್ಲಿದ್ದ ಸೌಟು ಅಲ್ಲಿಯೇ ನಿಂತಿತು.

"ಏನೋ ಕೋನಪ್ಪಾ, ಮುದ್ದೆ ಅಗೀತಿದ್ದೀಯಾ?"

ಮೇಷ್ಟರು ಉತ್ತರ ಹೇಳುವ ಸ್ಥಿತಿಯಲ್ಲಿರಲಿಲ್ಲ. ಅಗಿದ ರಾಗಿ, ಗೋಡೆಗೆ ಮಣ್ಣು ಮೆತ್ತಿದ ಹಾಗೆ ತಂತಿಗೆ ಮೆತ್ತಿಕೊಂಡು ಕೂತಿತ್ತು. ಅವರು "ಹ್ಞೂಂ" ಎಂದು ಎದ್ದು ದನದ ಕೊಟ್ಟಿಗೆಗೆ ಹೋಗಿ, ಉಪ್ಪುನೀರು ಮುಕ್ಕಳಿಸಿ, ಪೊರಕೆಕಡ್ಡಿಯಿಂದ ಅರ್ಧ ಗಂಟೆ ಬಾಯಿ ಶುದ್ಧಮಾಡಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ವಾಪಸು ಬಂದರು. ಮೂರು ದಿನ ಇದೇ ನಡೆಯಿತು. ಮಗ ಅರ್ಧ ಮುದ್ದೆಗೆ ಏಳುತ್ತಾನೆ, ಕೊಟ್ಟಿಗೆಗೆ ಹೋಗಿ ಉಗಿಯುತ್ತಾನೆ, ಅತ್ತುಕೊಂಡು ಬರುತ್ತಾನೆ. ಹೆತ್ತ ಕರುಳು ಎಷ್ಟೆಂದು ಸುಮ್ಮನಿದ್ದೀತು? ಚಿಕ್ಕವೆಂಕಟಮ್ಮ ಪಕ್ಕದ ಮನೆಯ ರಾಮಲಕ್ಷ್ಮಮ್ಮನ ಜಗಲಿಗೆ ಹೋಗಿ ಕೂತರು.

ರಾಮಲಕ್ಷ್ಮಮ್ಮ ಎಲ್ಲ ಕೇಳಿ, ದನಿ ತಗ್ಗಿಸಿದಳು. "ಅಕ್ಕಾ, ನಾನು ಅಂದೆ ಅಂತ ಅನ್ಕೋಬೇಡ. ಇದು ಮದ್ದು."

ಮದ್ದೆಂದರೆ ಔಷಧಿಯಲ್ಲ. ಆಗದವರು ಊಟದಲ್ಲಿ ಬೆರೆಸಿ ಕೊಡುತ್ತಾರೆಂದು ಜನ ನಂಬುವ ಪದಾರ್ಥ. ಉಂಡವನಿಗೆ ಅನ್ನ ಸೇರುವುದಿಲ್ಲ, ಇಟ್ಟವರ ಕೈಗೊಂಬೆಯಾಗುತ್ತಾನೆ.

"ನಮ್ಮ ಕೋನಪ್ಪ ಯಾರ ಮನೇಲೂ ಉಣ್ಣಲ್ವಲ್ಲೇ."

"ಹೋದ ವಾರ ಎಲ್ಲಿ ಉಂಡಿದ್ದ?"

"ತೊಂಡೇಬಾವೀಲಿ."

ಇಬ್ಬರೂ ಸುಮ್ಮನಾದರು. ಆ ಮೌನ ಮಾರನೆಯ ಬೆಳಗಿನ ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಾಯಿಸಿ ಗೌರಿಬಿದನೂರಿಗೆ ಹೋಗಿ, ಸಂಜೆಯ ರೈಲಿನಲ್ಲಿ ತೊಂಡೇಬಾವಿಯಲ್ಲಿ ಇಳಿಯಿತು.

ಇತ್ತ ಮದ್ದು ತೆಗೆಯುವುದಕ್ಕೆ ಚಿಂತಾಮಣಿಯ ಕಡೆಯಿಂದ ಮುನಿವೆಂಕಟಪ್ಪನೆಂಬವನು ಬಂದ. ಮೇಷ್ಟರ ನಾಡಿ ಹಿಡಿದು, "ಬಾಯಿ ಬಿಡಿ" ಎಂದ. ಮೇಷ್ಟರು ಟವೆಲು ಇನ್ನಷ್ಟು ಒತ್ತಿಕೊಂಡು ಆಗದೆಂದು ತಲೆಯಾಡಿಸಿದರು.

"ನೋಡಿದ್ರಾ ಅಮ್ಮ" ಎಂದ ಮುನಿವೆಂಕಟಪ್ಪ. "ಮದ್ದು ಬಿದ್ದೋರು ಬಾಯಿ ಬಿಡಲ್ಲ. ಇದೇ ಗುರ್ತು." ಹಸಿರು ಕಷಾಯವೊಂದನ್ನು ಕೊಟ್ಟು, ಒಂದು ಕೋಳಿ ಹಿಡಿದುಕೊಂಡು ಹೋದ. ಮೇಷ್ಟರು ಕಷಾಯವನ್ನು ದಾಸವಾಳದ ಗಿಡಕ್ಕೆ ಸುರಿದರು.

ಅಂದು ಅಶ್ವತ್ಥಮ್ಮ ಗಂಡನನ್ನು ಅಡುಗೆಮನೆಗೆ ಕರೆದಳು. ಅವಳು ಓದಿದ್ದು ಎರಡನೇ ಕ್ಲಾಸು, ಆದರೆ ಮನೆಯಲ್ಲಿ ಸ್ವಂತ ತಲೆ ಉಪಯೋಗಿಸುತ್ತಿದ್ದವಳು ಅವಳೊಬ್ಬಳೇ. "ನೋಡಿ, ಡಾಕ್ಟ್ರಿಗೆ ಹಲ್ಲು ಗೊತ್ತು, ಮುದ್ದೆ ಗೊತ್ತಿಲ್ಲ. ಗೋಲಿಯಷ್ಟು ಮುರೀತೀನಿ. ಸಾರು ನೀರಾಗಿ ಮಾಡ್ತೀನಿ. ಅಗೀಬೇಡಿ, ನುಂಗಿ."

ಮೇಷ್ಟರು ನುಂಗಿದರು. ತಂತಿಗೆ ಸೋಕದೆ ಮುದ್ದೆ ಸಲೀಸಾಗಿ ಇಳಿಯಿತು. ಆವತ್ತಿನಿಂದ ಅವಳು ಅವರೆಕಾಳನ್ನು ಹಿತುಕಿ ಸಾರು ಮಾಡಿದಳು, ಸೀಬೆಹಣ್ಣನ್ನು ಬೀಜ ತೆಗೆದು ಹೋಳು ಮಾಡಿದಳು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿದಳು. ಜೇನುಮೇಣಕ್ಕೆ ದರ್ಜಿ ಷರೀಫ್ ಸಾಬರಿದ್ದರು. ದಾರಕ್ಕೆ ಸವರಲು ಅವರಲ್ಲಿ ಮೇಣದ ಉಂಡೆ ಇರುತ್ತಿತ್ತು. ಮೇಷ್ಟರು ದಿನಾ ಬಂದು ಚೂರು ಕೇಳುವುದನ್ನು ಕಂಡು, "ಏನ್ ಮೇಷ್ಟ್ರೇ, ಮನೇಲಿ ಮಿಷನ್ ಇಟ್ರಾ? ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ" ಎಂದು ಅವರು ನಿಜವಾಗಿಯೇ ಚಿಂತೆಪಟ್ಟರು.

ಮೇಷ್ಟರು ಒಂದು ಮುದ್ದೆ ಪೂರ್ತಿ ನುಂಗಿ ಕೈತೊಳೆದದ್ದು ನೋಡಿ ತಾಯಿಗೆ ಹೋದ ಜೀವ ಬಂದಂತಾಯಿತು. ಕಷಾಯ ಕುಡಿದ, ವಾಸಿಯಾಯಿತು. ವಾಸಿಯಾಯಿತೆಂದರೆ ಇದ್ದದ್ದು ಮದ್ದೇ. ಮದ್ದೇ ಆದರೆ ಇಟ್ಟವರು ತೊಂಡೇಬಾವಿಯವರೇ. ತರ್ಕದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. ಇದೂ ರಾಮಲಕ್ಷ್ಮಮ್ಮನ ಜಗಲಿಯಿಂದ ಹೊರಟು ಬಸ್ಸು ಹತ್ತಿತು.

ಮಾರ್ಗಶಿರದಲ್ಲಿ ಮದುವೆ ಗಟ್ಟಿಮಾಡುವ ಒಪ್ಪುವೀಳ್ಯಕ್ಕೆ ದಿನ ಗೊತ್ತಾಗಿತ್ತು. ಅದಕ್ಕೆ ಮೂರು ದಿನ ಮೊದಲು ವರಲಕ್ಷ್ಮಿ ಅಣ್ಣನ ಹತ್ತಿರ ಬಂದು ನಿಂತಳು. "ಅಣ್ಣಾ, ನಿನಗೆ ಈ ಸಂಬಂಧ ಇಷ್ಟ ಇಲ್ವಾ? ಮದ್ದು ಗಿದ್ದು ಅಂತಾರೆ. ನೀನು ನನ್ನ ಜೊತೆ ಮಾತೇ ಆಡ್ತಿಲ್ಲ. ಇಷ್ಟ ಇಲ್ದಿದ್ರೆ ಹೇಳ್ಬಿಡು, ನಾನೇನೂ ಅನ್ಕೊಳಲ್ಲ."

"ಇಷ್ಟ ಇದೆ" ಎಂದರು ಮೇಷ್ಟರು, ಟವೆಲಿನೊಳಗಿನಿಂದ. ಅವಳಿಗೆ ಅದು ಹೇಗೆ ಕೇಳಿಸಿತೋ, ಸೆರಗು ಹೊದ್ದುಕೊಂಡು ಒಳಗೆ ಹೋದಳು. ಟವೆಲು ತೆಗೆದು ತೋರಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅಷ್ಟು ಮಾಡುವುದಕ್ಕೆ ಆಗಲಿಲ್ಲವೆಂದು ಅವರಿಗೆ ಬಹಳ ದುಃಖವಾಯಿತು. ತಾನು ತಲೆ ಬಾಚಿ ಬೆಳೆಸಿದ ಹುಡುಗಿಯೆದುರಿಗೇ ಬಾಯಿ ತೋರಿಸಲಾರದ ಗಂಡಸು ಯಾವ ಸೀಮೆಯ ಗಂಡಸು ಎಂದು ತಮ್ಮನ್ನೇ ಬೈದುಕೊಂಡರು. ಬೈದುಕೊಳ್ಳುವಾಗಲೂ ಟವೆಲು ಬಾಯಿಯ ಮುಂದೆಯೇ ಇತ್ತು.

ವೀಳ್ಯದ ದಿನ ಬಯ್ಯಪ್ಪನವರು ನಾಲ್ಕು ಮಂದಿ ಹಿರಿಯರನ್ನೂ ಎಂಬತ್ತು ದಾಟಿದ ತಮ್ಮ ತಾಯಿಯನ್ನೂ ಕರೆದುಕೊಂಡು ಬಂದರು. ಮುಖ ಬಿಗಿದುಕೊಂಡೇ ಚಾಪೆಯ ಮೇಲೆ ಕೂತರು. ನೀರು ಕೊಟ್ಟರೆ, "ಬೇಡಮ್ಮ, ನಿಮ್ಮನೇಲಿ ನಾವು ನಂಬಿ ಕುಡೀಬಹುದು, ಆದ್ರೂ ಬೇಡ" ಎಂದರು. ಚಿಕ್ಕವೆಂಕಟಮ್ಮ ಕಂಬದ ಹಿಂದೆ ಸರಿದರು.

ಆ ಕಡೆಯ ಹಳೆಯ ಮನೆತನಗಳಲ್ಲಿ ಒಪ್ಪುವೀಳ್ಯವೆಂದರೆ ತಟ್ಟೆ ಬದಲಾಯಿಸುವುದಷ್ಟೇ ಅಲ್ಲ. ಹೆಣ್ಣಿನ ಕಡೆಯ ಹಿರಿಯ, ಗಂಡಿನ ಕಡೆಯ ಹಿರಿಯ, ಇಬ್ಬರೂ ಎಲ್ಲರ ಎದುರಿಗೆ ವೀಳ್ಯವನ್ನು ಬಾಯಿಗೆ ಹಾಕಿಕೊಂಡು ಅಗಿಯಬೇಕು. ಬಾಯಿ ಕೆಂಪಾದರೆ ಮಾತು ನಿಂತಿತು. ಬರೀ ಎಲೆ ಹಾಕಿಕೊಂಡರೆ ಅರ್ಧ ಮಾತು, ಅಡಿಕೆ ಇರಲೇಬೇಕು. ತಂದೆಯಿಲ್ಲದ ಮನೆಯಲ್ಲಿ ಆ ಬಾಯಿ ಕೋನಪ್ಪ ಮೇಷ್ಟರದು.

ಬಯ್ಯಪ್ಪನವರು ಎಲೆಗೆ ಸುಣ್ಣ ಸವರಿ, ಇಡೀ ಅಡಿಕೆಯೊಂದನ್ನು ಅದರಲ್ಲಿ ಮಡಿಸಿ ಬಾಯಿಗೆ ಹಾಕಿಕೊಂಡು ಸಶಬ್ದವಾಗಿ ಅಗಿದರು. ಮೇಷ್ಟರು ಗಡಿಬಿಡಿಯಲ್ಲಿ ಎಲೆಯೊಳಗೆ ಅಡಿಕೆಯಿಟ್ಟು, ಟವೆಲಿನ ಹಿಂದೆ ಬಾಯಿಗೆ ಹಾಕಿಕೊಂಡು, ಕೆನ್ನೆಯಲ್ಲಿ ಅಡಗಿಸಿಕೊಂಡು ಕೂತರು.

ಎಲ್ಲರೂ ಕಾದರು. ಮೇಷ್ಟರ ದವಡೆ ಅಲುಗಲಿಲ್ಲ.

"ಅಗೀರಿ ಮೇಷ್ಟ್ರೇ" ಎಂದರು ಬಯ್ಯಪ್ಪನವರು.

ಮೇಷ್ಟರು ತಲೆಯಾಡಿಸಿದರು. ದವಡೆ ಅಲುಗಲಿಲ್ಲ.

"ಅಡಿಕೆ ನಿಮ್ಮನೇದೇ. ಇದರಲ್ಲೂ ನಾವು ಮದ್ದು ಹಾಕಿದೀವಾ?" ಬಯ್ಯಪ್ಪನವರು ಕೋಲು ಊರಿ ಎದ್ದರು. "ನಮ್ಮನೇಲಿ ಉಂಡು, ನಾವು ವಿಷ ಇಕ್ಕಿದ್ವಿ ಅಂತ ಬಸ್ಸಿನಲ್ಲೆಲ್ಲ ಸಾರಿದ್ರಿ. ಆದ್ರೂ ಹುಡುಗನ ಮನಸ್ಸು ನೋಡಿ ಬಂದೆ. ಇಷ್ಟ ಇಲ್ದೇ ಇದ್ದೋರು ವೀಳ್ಯ ಯಾಕಪ್ಪ ತಗೋಬೇಕು? ಏಳ್ರಪ್ಪ, ಹೋಗಣ."

ಹಿರಿಯರು ಎದ್ದರು. ನಡುಮನೆಯ ಬಾಗಿಲ ಸಂದಿನಲ್ಲಿ ವರಲಕ್ಷ್ಮಿಯ ಕಾಲು ಮೇಷ್ಟರಿಗೆ ಕಂಡಿತು. ಅರಿಸಿನ ಹಚ್ಚಿದ ಎರಡು ಪಾದ, ಅಲುಗದೆ ನಿಂತಿದ್ದವು. ಡಾಕ್ಟರು, ಹತ್ತು ಮಂದಿ ವಿದ್ಯಾರ್ಥಿಗಳು, ಒಂದೂವರೆ ವರ್ಷ, ಎಲ್ಲವೂ ಅವರಿಗೆ ಒಂದೇ ಸಲಕ್ಕೆ ಮರೆತುಹೋಯಿತು. ಅಡಿಕೆಯನ್ನು ಹಲ್ಲಿನ ನಡುವೆ ತಂದು ಬಲವಾಗಿ ಕಚ್ಚಿದರು.

ಟಕ್ ಎಂದಿತು. ತಂತಿ ಒಂದು ಕಡೆ ಕಿತ್ತುಬಂದು ಕೆನ್ನೆಯೊಳಗೆ ನಾಟಿತು. ಮೇಷ್ಟರ ಕಣ್ಣು ಅಗಲವಾಯಿತು, ತುಟಿಯ ಅಂಚಿನಿಂದ ಕೆಂಪು ಇಳಿದು ಟವೆಲಿಗೆ ಹತ್ತಿತು.

"ಹಾಂ, ಅಗಿದ್ರು" ಎಂದರು ಹಿರಿಯರೊಬ್ಬರು. "ಏನು ಕೆಂಪು ನೋಡಿ ಬಯ್ಯಪ್ಪನೋರೇ. ಇಂಥ ಕೆಂಪು ನಾನು ಯಾವ ವೀಳ್ಯದಲ್ಲೂ ನೋಡಿಲ್ಲ. ಮನಸ್ಸಿಟ್ಟು ಅಗಿದವ್ರೆ." ಬಯ್ಯಪ್ಪನವರ ಮುಖ ಸಡಿಲವಾಯಿತು. ಎದ್ದವರೆಲ್ಲ ಮತ್ತೆ ಕೂತರು. ಮೇಷ್ಟರು ನೋವಿನಲ್ಲಿ ತಲೆಯಾಡಿಸಿದ್ದನ್ನೂ ಅವರು ಸಂತೋಷಕ್ಕೆ ಸೇರಿಸಿಕೊಂಡರು.

ಬಯ್ಯಪ್ಪನವರ ತಾಯಿ ಮಾತ್ರ ಅಷ್ಟು ಹೊತ್ತೂ ಮೂಲೆಯಲ್ಲಿ ಕೂತು ನೋಡುತ್ತಿದ್ದರು. ಈಗ ಬಾಯಿ ತೆರೆದರು. ಒಳಗೆ ಒಂದು ಹಲ್ಲೂ ಇರಲಿಲ್ಲ.

"ಲೇ ಬಯ್ಯಾ, ಅದು ವೀಳ್ಯದ ಕೆಂಪಲ್ಲ ಕಣೋ. ಆ ಮೇಷ್ಟ್ರು ಎಲೆಗೆ ಸುಣ್ಣ ಹಚ್ಚೇ ಇಲ್ಲ, ನಾನು ನೋಡ್ದೆ. ಸುಣ್ಣ ಇಲ್ದೆ ಎಲ್ಲಿ ಕೆಂಪಾಗುತ್ತೆ? ಅದು ರಕ್ತ."

ಅಜ್ಜಿ ತೆವಳಿಕೊಂಡು ಮೇಷ್ಟರ ಎದುರಿಗೆ ಬಂದು ಕೂತು, "ಏನಾಗೈತೆ ನಾಯನಾ? ಬಾಯಿ ತೆಗಿ, ನೋಡಣ" ಎಂದರು.

ಇಪ್ಪತ್ತೆರಡು ವರ್ಷ ಬಾಯಿಗೆ ಕಾವಲಿದ್ದ ಟವೆಲನ್ನು ಕೋನಪ್ಪ ಮೇಷ್ಟರು ಮಡಿಲಿಗೆ ಇಳಿಸಿದರು. ಬೀಗರು, ತಾಯಿ, ಬಾಗಿಲಿಗೆ ಓಡಿಬಂದ ತಂಗಿ, ಕಿಟಕಿಯಲ್ಲಿದ್ದ ರಾಮಲಕ್ಷ್ಮಮ್ಮ, ಎಲ್ಲರ ಎದುರಿಗೆ ಬಾಯಿ ತೆರೆದರು. ನಾಲ್ಕು ಹಲ್ಲು, ಅವಕ್ಕೆ ಬಿಗಿದ ತಂತಿ, ಒಂದು ಕೊನೆಯಲ್ಲಿ ಕಿತ್ತು ನಿಂತ ತುದಿ. ತಂತಿಗೆ ಸಿಕ್ಕಿಕೊಂಡಿದ್ದ ಅಡಿಕೆಯನ್ನು ಅಶ್ವತ್ಥಮ್ಮ ಬಂದು ಮೆಲ್ಲಗೆ ತೆಗೆದಳು. ಮದುವೆಯ ಫೋಟೋಗಾಗಿ ಬೆಂಗಳೂರಿನಲ್ಲಿ ಹಾಕಿಸಿಕೊಂಡ ತಂತಿಯೆಂದು, ಮುದ್ದೆ ಅಗಿದದ್ದೂ ಕೊಟ್ಟಿಗೆಗೆ ಹೋದದ್ದೂ ಇದರಿಂದಲೇ ಎಂದು ಅವಳೇ ಹೇಳಿದಳು. ನಗು ಬರುತ್ತದೆಂದು ಮೇಷ್ಟರು ತಲೆ ತಗ್ಗಿಸಿ ಕಾದರು. ಯಾರೂ ನಗಲಿಲ್ಲ.

"ಈ ತಂತಿ ಇಟ್ಕೊಂಡು ಅಡಿಕೆ ಕಚ್ಚಿದ್ಯಾ ಅಣ್ಣಾ?" ಎಂದಳು ವರಲಕ್ಷ್ಮಿ.

ಚಿಕ್ಕವೆಂಕಟಮ್ಮ ಕಂಬದ ಹಿಂದಿನಿಂದ ಬಂದು ಅಜ್ಜಿಯ ಕೈಹಿಡಿದರು. "ತಪ್ಪಾಯ್ತಮ್ಮ. ಮದ್ದು ಅಂದಿದ್ದು ನಾನೇ."

"ನಮ್ಮನೇಲಿ ಮದ್ದು ಇಕ್ಕೋ ಹಂಗಿದ್ರೆ ಮೊದಲು ನನ್ನ ಸೊಸೆಗೆ ಇಕ್ತಿದ್ದೆ ತಾಯಿ. ಮೂವತ್ತು ವರ್ಷದಿಂದ ಒಂದು ಮಾತು ಕೇಳಿಲ್ಲ ಅವಳು" ಎಂದರು ಅಜ್ಜಿ.

"ಹಾಗಾದ್ರೆ ವೀಳ್ಯದ ಗತಿ?" ಎಂದರು ಹಿರಿಯರು. "ಅಗಿಯದೆ ಮಾತು ನಿಲ್ಲಲ್ಲ."

"ನಾನು ಏಳು ಜನ ಮೊಮ್ಮಕ್ಕಳ ಮದ್ವೆಗೆ ಮಾತು ಕೊಟ್ಟೀನಿ. ನನ್ನ ಬಾಯಲ್ಲಿ ಹಲ್ಲಿತ್ತೇನಪ್ಪ?" ಅಜ್ಜಿ ಸೊಂಟದ ಚೀಲ ಬಿಚ್ಚಿ ಹೆಬ್ಬೆರಳುದ್ದದ ಹಿತ್ತಾಳೆಯ ಕುಟ್ಟಾಣಿ ತೆಗೆದರು. ಎಲೆ ಹರಿದು, ಅಡಿಕೆ ಪುಡಿಮಾಡಿ, ಈ ಸಲ ಸುಣ್ಣ ಮರೆಯದೆ ಹಾಕಿ ಟಕಟಕ ಕುಟ್ಟಿದರು. ನುಣ್ಣಗಾದದ್ದನ್ನು ಎರಡು ಪಾಲು ಮಾಡಿ ಒಂದನ್ನು ತಾವು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಮೇಷ್ಟರ ನಾಲಗೆಯ ಮೇಲಿಟ್ಟರು.

"ನೀನು ಕಚ್ಚಿದೆಯಲ್ಲ, ಮಾತು ಆಗಲೇ ನಿಂತೈತೆ. ಇದು ಶಾಸ್ತ್ರಕ್ಕೆ. ಅಗೀಬೇಡ ನಾಯನಾ, ಮುದ್ದೆ ಹಂಗೆ ನುಂಗು."

ಸೋಮವಾರ ಬೆಂಗಳೂರಿನ ಡಾಕ್ಟರು ಕಿತ್ತುಬಂದ ತಂತಿ ನೋಡಿ ಸಿಟ್ಟಾದರು. "ಅಡಿಕೆ ತಿನ್ನಬೇಡಿ ಅಂದಿದ್ದೆನಲ್ಲ?"

"ತಿನ್ನಲಿಲ್ಲ ಸಾರ್" ಎಂದರು ಮೇಷ್ಟರು. "ಮಾತು ಕೊಟ್ಟೆ."

ಮಾಘದಲ್ಲಿ ಮದುವೆ ನಡೆಯಿತು. ಚಿಕ್ಕಬಳ್ಳಾಪುರದ ಸ್ಟುಡಿಯೋದವನು ತೆಗೆದ ಫೋಟೋದಲ್ಲಿ, ಆ ಕಾಲದ ಪದ್ಧತಿಯಂತೆ ಎಲ್ಲರೂ ಪೊಲೀಸರು ಹಿಡಿದು ತಂದವರ ಹಾಗೆ ನಿಂತಿದ್ದಾರೆ. ಇಬ್ಬರು ಮಾತ್ರ ನಗುತ್ತಿದ್ದಾರೆ. ಕುರ್ಚಿಯ ಮೇಲೆ ಕೂತ ಅಜ್ಜಿಯ ಬಾಯಲ್ಲಿ ಏನೂ ಇಲ್ಲ. ಹಿಂದೆ ನಿಂತ ಕೋನಪ್ಪ ಮೇಷ್ಟರ ಬಾಯಲ್ಲಿ ಬೆಳ್ಳಗೊಂದು ಗೆರೆ ಹೊಳೆಯುತ್ತಿದೆ. ಫಿಲಮ್ಮಿಗೆ ಗೀರು ಬಿದ್ದಿದೆಯೆಂದು ತಿಳಿದ ಸ್ಟುಡಿಯೋದವನು ಅದನ್ನು ಅಳಿಸಿಕೊಡುತ್ತೇನೆಂದು ಕುಂಚ ಕೈಗೆತ್ತಿಕೊಂಡಿದ್ದ.

"ಬೇಡ, ಅದು ನಮ್ಮಣ್ಣ" ಎಂದಳು ವರಲಕ್ಷ್ಮಿ.